ದೋಣಿ ಹೋಯ್ತು

ಜನವರಿ ೧೧

ಅವಳ ಅಪ್ಪನಿಗೆ,

ನಿಮ್ಮ ಹಳೆಯ ಕಂಪನಿಯವರಿಂದ ವಿಳಾಸ ಪಡೆದೆ. ಫೋನ್ ನಂಬರನ್ನೂ ಕೊಟ್ಟರು. ಮಾಡಲಿಲ್ಲ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಅನ್ನುತ್ತಾರೆ. ನಮ್ಮ ಮನೆಯನ್ನು ಮಾತು ಒಂದು ಸಲ ಕೆಡಿಸಿ ಆಗಿದೆ. ನಿಮ್ಮ ದನಿ ಕೇಳಿದರೆ ಕೇಳಬೇಕಾದ್ದನ್ನು ಬಿಟ್ಟು ಇನ್ನೇನೋ ಕೇಳಿಬಿಡುತ್ತೇನೆ. ಅದಕ್ಕೇ ಕಾಗದ.

ಮಗಳಿಗೆ ಸೆಪ್ಟೆಂಬರಿನಲ್ಲಿ ಸ್ಟ್ರೋಕ್ ಆಯಿತು. ಮೂವತ್ತನಾಲ್ಕಕ್ಕೇ ಹಾಗಾಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಆಗುತ್ತದಂತೆ. ಅವಳು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದಳು, ನಿಮಗೆ ಗೊತ್ತೋ ಇಲ್ಲವೋ. ಕೌಂಟರಿನಲ್ಲಿ ನಿಂತು ಯಾರಿಗೋ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಹೇಳುತ್ತಿದ್ದಳು. “ಊಟ ಆದ ಮೇಲೆ” ಅಂದಳಂತೆ. ಮುಂದಿನ ಮಾತು ಬರಲಿಲ್ಲ. ಆ ಮನುಷ್ಯ ಸ್ವಲ್ಪ ಹೊತ್ತು ಕಾದು, “ಊಟ ಆದ ಮೇಲೆ ಎಷ್ಟು?” ಅಂದನಂತೆ. ಅಷ್ಟರಲ್ಲಿ ಅವಳು ಕೆಳಗೆ ಬಿದ್ದಿದ್ದಳು.

ಜೀವ ಉಳಿದಿದೆ. ಬಲಗೈ ಇಲ್ಲದ ಹಾಗೆ. ಹಿಡಿದುಕೊಂಡರೆ ನಡೆಯುತ್ತಾಳೆ. ಮಾತು ಹೋಗಿದೆ. ಪೂರ್ತಿ ಹೋಗಿದ್ದರೆ ಒಂದು ತರಹ. ಒಂದೇ ಒಂದು ಮಾತು ಉಳಿದುಕೊಂಡಿದೆ. ಹಸಿವಾದರೂ ಅದೇ, ಬಚ್ಚಲಿಗೆ ಹೋಗಬೇಕಾದರೂ ಅದೇ, ನನ್ನ ಮೇಲೆ ಸಿಟ್ಟು ಬಂದರೂ ಅದೇ: “ದೋಣಿ ಹೋಯ್ತು.”

ಆಸ್ಪತ್ರೆಯಿಂದ ವಾರಕ್ಕೆರಡು ಸಲ ಮಾತು ಕಲಿಸುವ ಹುಡುಗಿ ಬರುತ್ತಾಳೆ. ನಾನು ಟೀಚರಮ್ಮ ಅನ್ನುತ್ತೇನೆ, ಅವಳಿಗೆ ನಾಚಿಕೆ. ಈ ಕಾಯಿಲೆಯಲ್ಲಿ ಹೀಗೊಂದು ಮಾತು ಗಂಟಲಿಗೆ ಅಂಟಿಕೊಳ್ಳುವುದುಂಟಂತೆ, ಅದಕ್ಕೆ ಅರ್ಥ ಇರಲೇಬೇಕೆಂದಿಲ್ಲವಂತೆ. “ಆದ್ರೆ ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಒಳ್ಳೇದಮ್ಮ, ಹಳೇ ಪರಿಚಯದ್ದು ಏನಾದ್ರೂ ಇದ್ರೆ ಪಾಠ ಅಲ್ಲಿಂದ ಶುರು ಮಾಡಬಹುದು” ಅಂದಳು.

ನಮ್ಮ ಮನೆಯಲ್ಲಿ ದೋಣಿಯ ಮಾತೇ ಇರಲಿಲ್ಲ. ಯೋಚಿಸಿ ಯೋಚಿಸಿ ಒಂದು ನೆನಪಾಯಿತು. ಭಾನುವಾರ ನಿಮ್ಮ ಮನೆಗೆ ಬರುತ್ತಿದ್ದಳಲ್ಲ, ಎಂಟೊಂಬತ್ತು ವರ್ಷದವಳಿದ್ದಾಗ? ಅಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕದ ಆಟ ಒಂದಿತ್ತು. ವಾಪಸ್ ಬಂದ ಮೇಲೆ ನನ್ನ ಬಟ್ಟೆ ಕತ್ತರಿಸುವ ಮೇಜಿನ ಕಂದು ಕಾಗದದ ತುಂಡುಗಳ ಮೇಲೆ ದೋಣಿ ಬರೆಯುತ್ತಿದ್ದಳು. ಮೇಕೆ ಇತ್ತು. ಕೊಡೆ ಹಿಡಿದ ಮುದುಕಿ ಇದ್ದಳು. ನಾನು ಏನೆಂದು ಕೇಳಲಿಲ್ಲ.

ಆ ಆಟದ ಹೆಸರೇನು? ಎಲ್ಲಿ ಸಿಗುತ್ತದೆ? ಇಷ್ಟು ತಿಳಿಸಿದರೆ ಸಾಕು.

ಅವಳ ಅಮ್ಮ


ಜನವರಿ ೨೦

ಅವಳ ಅಮ್ಮನಿಗೆ,

ನಿನ್ನ ಕಾಗದ ಬಂದು ವಾರವಾಗುತ್ತಾ ಬಂತು. ಓದಿದೆ, ಮಡಚಿಟ್ಟೆ, ಮತ್ತೆ ಓದಿದೆ. ಸೆಪ್ಟೆಂಬರಿನಲ್ಲಿ ಆದದ್ದು ನನಗೆ ಜನವರಿಯಲ್ಲಿ ತಿಳಿಯಿತು ಎಂದು ಬರೆಯಲು ಹೊರಟಿದ್ದೆ. ಹೊಡೆದುಹಾಕಿದೆ. ನನ್ನ ಮನೆಯಾಕೆಗೆ ಹೇಳಿಯೇ ಬರೆಯುತ್ತಿದ್ದೇನೆ, ಕದ್ದುಮುಚ್ಚಿ ಅಲ್ಲ.

ಚಿನಕುರಳಿ ಎಂದು ಕರೆಯುತ್ತಿದ್ದೆ ಅವಳನ್ನು. ಬಸ್ಸಿಳಿದಾಗ ಶುರುವಾದ ಮಾತು ಸಂಜೆ ಮತ್ತೆ ಬಸ್ಸು ಹತ್ತುವವರೆಗೆ ನಿಲ್ಲುತ್ತಿರಲಿಲ್ಲ. ಬಾಯಿದ್ದವಳು ಬರದಲ್ಲೂ ಬದುಕುತ್ತಾಳೆ ಅಂದುಕೊಂಡಿದ್ದೆ.

ಆಟ ಇತ್ತು. ಹೆಸರು ನೆನಪಿಲ್ಲ. ಲಿಫ್ಟ್ ರಿಪೇರಿಗೆ ಹೋಗಿದ್ದ ಒಂದು ಕಟ್ಟಡದಲ್ಲಿ ಆಫೀಸಿನವರು ಹಳೆಯ ಕಂಪ್ಯೂಟರನ್ನು ಎಸೆಯಲು ಇಟ್ಟಿದ್ದರು, ನಾನು ಹೊತ್ತುಕೊಂಡು ಬಂದೆ. ಆಟಗಳು ಅದರೊಳಗೇ ಇದ್ದವು. ಅದರಲ್ಲಿ ಇದೊಂದು. ಹಸಿರು ನದಿ. ದಡದಲ್ಲಿ ಪ್ರಯಾಣಿಕರು ಕಾಯುತ್ತಿರುತ್ತಾರೆ. ದೋಣಿಯ ಹಾಯಿಯ ಮೇಲೆ ಲೆಕ್ಕ ಮೂಡುತ್ತದೆ. ಉತ್ತರ ಸರಿಯಾದರೆ ಒಬ್ಬರು ಹಾರಿ ಒಳಗೆ ಕೂರುತ್ತಾರೆ. ತಪ್ಪಾದರೆ, ತಡವಾದರೆ, ದೋಣಿ ಖಾಲಿ ಹೊರಟುಬಿಡುತ್ತದೆ. ಆಗ ನಾವಿಬ್ಬರೂ ಒಟ್ಟಿಗೆ “ದೋಣಿ ಹೋಯ್ತು!” ಅನ್ನುತ್ತಿದ್ದೆವು. ಆಟಕ್ಕೆ ದನಿ ಇರಲಿಲ್ಲ. ಆ ಮಾತು ನಮ್ಮದು.

ಹುಡುಕುತ್ತೇನೆ. ಅಲ್ಲಿಯವರೆಗೆ ಒಂದು ಮಾತು. ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಾಗ ನಮಗೆ ಕಲಿಸುವ ಮೊದಲ ಪಾಠ, ಕೆಲಸ ಮಾಡುತ್ತಲೇ ಹೊರಗಿನಿಂದ ಮಾತಾಡುತ್ತಿರಬೇಕು. ಒಳಗಿನವರು ಉತ್ತರ ಕೊಡದಿದ್ದರೂ ನಿಲ್ಲಿಸಬಾರದು. ಅವಳ ಜೊತೆ ಮಾತಾಡುತ್ತಿರು.

ನಾನು ಒಂದು ಸಲ ಬಂದು ನೋಡಲೇ?

ಅವಳ ಅಪ್ಪ


ಫೆಬ್ರವರಿ ೨

ಅವಳ ಅಪ್ಪನಿಗೆ,

ಬರಬೇಡಿ.

ನನ್ನ ಸಿಟ್ಟಿಗೆ ಹೇಳುತ್ತಿಲ್ಲ. ನನ್ನ ಸಿಟ್ಟು ಹಳತಾಗಿ ಸವೆದುಹೋಗಿದೆ, ಈಗ ಅದು ಮೊಣಕಾಲು ನೋವಿನ ಹಾಗೆ, ಮಳೆ ಬಂದಾಗ ಮಾತ್ರ. ಆದರೆ ಅವಳಿಗೆ ಹನ್ನೆರಡಾಗಿದ್ದಾಗ ಒಂದು ಭಾನುವಾರ ಒಬ್ಬಳೇ ಬಸ್ಸಿನಲ್ಲಿ ನಿಮ್ಮ ಮನೆಗೆ ಬಂದಳು. ಬಾಗಿಲಿಗೆ ಬೀಗ. ಎದುರು ಮನೆಯವರು “ಖಾಲಿ ಮಾಡ್ಕೊಂಡು ಹೋದ್ರಲ್ಲಮ್ಮ, ನಿಂಗೆ ಹೇಳಲಿಲ್ವಾ?” ಅಂದರಂತೆ. ಅದರ ಬಗ್ಗೆ ನೀವು ಬರೆದಿಲ್ಲ. ಬರೆಯುವುದೂ ಬೇಡ. ಆಮೇಲೆ ನಿಮ್ಮಿಂದ ಬಂದ ಕಾಗದಗಳನ್ನು ನಾನು ಬಚ್ಚಿಡಲಿಲ್ಲ, ಅವಳ ಕೈಗೇ ಕೊಟ್ಟೆ. ಒಡೆಯದೆ ಇಟ್ಟವಳು ಅವಳು. ಮದುವೆ ಗೊತ್ತಾಗಿ ತಪ್ಪಿಹೋದಾಗಲೂ, ಕೆಲಸ ಸಿಕ್ಕಾಗಲೂ “ಅಪ್ಪನಿಗೆ ತಿಳಿಸೋಣವಾ” ಎಂದು ಕೇಳಿದ್ದೆ. ಬೇಡ ಎಂದು ತಲೆ ಕೂಡ ಆಡಿಸಲಿಲ್ಲ. ಎದ್ದು ಹೋದಳು.

ಈಗ ಅವಳನ್ನೇ ಕೇಳೋಣವೆಂದರೆ ಹೇಗೆ ಕೇಳಲಿ? “ನೀರು ಬೇಕಾ?” ಅಂದರೆ ಹೂಂ ಎಂದು ತಲೆಯಾಡಿಸುತ್ತಾಳೆ, ಲೋಟ ಕೊಟ್ಟರೆ ತಳ್ಳುತ್ತಾಳೆ. ಹೌದು ಇಲ್ಲ ಎರಡೂ ಒಳಗೆ ಕಲಸಿಹೋಗಿವೆ ಅನ್ನುತ್ತಾಳೆ ಟೀಚರಮ್ಮ. ಬಾಯಿಲ್ಲದವಳ ಮನೆಗೆ ಅವಳನ್ನು ಕೇಳದೆ ಯಾರನ್ನೂ ಕರೆಸುವುದಿಲ್ಲ.

ಮಾತಾಡುತ್ತಿರು ಎಂದು ಬುದ್ಧಿ ಹೇಳಿದ್ದೀರಿ. ಬೆಳಗ್ಗೆಯಿಂದ ಸಂಜೆಯವರೆಗೆ ಬೇರೇನು ಮಾಡುತ್ತಿದ್ದೇನೆ ಅಂದುಕೊಂಡಿರಿ? ಹೊಲಿಗೆ ಕಾರ್ಖಾನೆ ಬಿಟ್ಟೆ. ಸ್ಕೂಲ್ ಯೂನಿಫಾರಂ ಕತ್ತರಿಸುವ ಕೆಲಸವನ್ನೇ ಮನೆಗೆ ತಂದುಕೊಂಡಿದ್ದೇನೆ. ಅವಳು ಕಿಟಕಿಯ ಪಕ್ಕ ಕೂತಿರುತ್ತಾಳೆ. ಇದು ತೋಳು, ಇದು ಕಾಲರು, ಇದು ಜೇಬು ಎಂದು ಪ್ರತಿಯೊಂದನ್ನೂ ಎತ್ತಿ ತೋರಿಸಿ ಹೇಳುತ್ತೇನೆ. “ದೋಣಿ ಹೋಯ್ತು” ಅನ್ನುತ್ತಾಳೆ. ಜೇಬಿಗೆ ಒಂದು ತರಹ, ಕಾಲರಿಗೆ ಒಂದು ತರಹ. ರಾಗ ಬೇರೆ, ಮಾತು ಅದೇ.

ಚಿತ್ರಗಳಲ್ಲಿ ಮೇಕೆ, ಮುದುಕಿ, ಡೋಲು ಹೊತ್ತವನೊಬ್ಬ ಇದ್ದರು. ದೋಣಿಯವನಿಗೆ ದೊಡ್ಡ ಟೋಪಿ. ಇಷ್ಟೇ ನೆನಪು. ಆ ಕಾಗದಗಳನ್ನು ಎಂದೋ ಎಸೆದಿದ್ದೇನೆ.

ಹುಡುಕಿ.

ಅವಳ ಅಮ್ಮ


ಫೆಬ್ರವರಿ ೨೪

ಅವಳ ಅಮ್ಮನಿಗೆ,

ಸರಿ. ಬರುವುದಿಲ್ಲ.

ಆ ಕಂಪ್ಯೂಟರನ್ನು ಮನೆ ಬದಲಿಸುವಾಗ ಗುಜರಿಗೆ ಕೊಟ್ಟಿದ್ದೆ. ಈಗ ಅದನ್ನು ಹುಡುಕುವುದೆಂದರೆ ಹೋದ ವರ್ಷದ ಹೊಗೆಯನ್ನು ಹುಡುಕಿದ ಹಾಗೆ. ಹಳೆಯ ಕಂಪ್ಯೂಟರ್ ಮಾರುವ ಬೀದಿಯಲ್ಲಿ ಅಂಗಡಿ ಅಂಗಡಿ ತಿರುಗಿದೆ. “ದೋಣಿ ಇರೋ ಆಟನಾ? ಹೆಸರು ಗೊತ್ತಿಲ್ವಾ? ಯಾರು ಮಾಡಿದ್ದು ಗೊತ್ತಿಲ್ವಾ? ಮತ್ತೇನು ಗೊತ್ತು ಯಜಮಾನ್ರೇ?” ಎಂದು ನಕ್ಕರು. ಅವರದೇನೂ ತಪ್ಪಿಲ್ಲ.

ಕೊನೆಗೆ ಒಬ್ಬರು ಸಿಕ್ಕಿದ್ದಾರೆ. ನಿವೃತ್ತ ಗಣಿತ ಮೇಷ್ಟ್ರು. ಹಳೆಯ ಕಂಪ್ಯೂಟರುಗಳನ್ನು ಕಾರು ನಿಲ್ಲಿಸುವ ಜಾಗದಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾರೆ, ಕಾರು ಪಾಪ ಬೀದಿಯಲ್ಲಿ ನೆನೆಯುತ್ತದೆ. ಬೀದಿಯವರೆಲ್ಲ ಡಬ್ಬಿ ಮೇಷ್ಟ್ರು ಅನ್ನುತ್ತಾರೆ. ಇವರ ಹಾಗೇ ಹುಚ್ಚು ಹಿಡಿದವರು ದೇಶದೇಶಗಳಲ್ಲಿ ಇದ್ದಾರಂತೆ, ಒಬ್ಬರನ್ನೊಬ್ಬರು ಇಂಟರ್ನೆಟ್ಟಿನಲ್ಲಿ ಕೇಳಿಕೊಳ್ಳುತ್ತಾರಂತೆ. ಜನ ಬಾಲ್ಯದ ಆಟವನ್ನು ಹುಡುಕುತ್ತಾ ಬಂದು ಸೇರುವ ಜಾಗವೇ ಒಂದಿದೆಯಂತೆ.

ಮೇಷ್ಟ್ರು ನನ್ನನ್ನು ಕೂರಿಸಿ ಪೊಲೀಸರ ಹಾಗೆ ವಿಚಾರಣೆ ಮಾಡಿದರು. ಮುದುಕಿ ಎಡಗಡೆಯೋ ಬಲಗಡೆಯೋ? ಕೂಡುವ ಲೆಕ್ಕವೋ ಗುಣಿಸುವುದೋ? ನದಿ ಅಡ್ಡ ಹರಿಯುತ್ತಿತ್ತೋ ಮೇಲಿಂದ ಕೆಳಕ್ಕೋ? ನನಗೆ ಒಂದೂ ಗೊತ್ತಿಲ್ಲ. ನಾನು ಪರದೆ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದೆ. ನನಗೆ ಅರ್ಧ ನೆನಪು, ನಿನಗೆ ಅವಳು ಬರೆದ ಚಿತ್ರದ್ದು ಕಾಲು ನೆನಪು. ಪೂರ್ತಿ ಗೊತ್ತಿರುವವಳು ಒಬ್ಬಳೇ.

ಎರಡು ಆಟಗಳ ಚಿತ್ರ ತೆಗೆಸಿ ಇದರೊಂದಿಗೆ ಇಟ್ಟಿದ್ದೇನೆ. ಒಂದರಲ್ಲಿ ದೋಣಿ ಇದೆ, ಮುದುಕಿ ಇಲ್ಲ. ಇನ್ನೊಂದರಲ್ಲಿ ಮೇಕೆ ಇದೆ, ದೋಣಿಯ ಬದಲು ರೈಲು. ತೋರಿಸಿ ನೋಡು.

ಅವಳ ಅಪ್ಪ


ಮಾರ್ಚ್ ೧೨

ಅವಳ ಅಪ್ಪನಿಗೆ,

ತೋರಿಸಿದೆ. ದೋಣಿಗೆ “ದೋಣಿ ಹೋಯ್ತು” ಅಂದಳು. ನಿಮಗೆ ಬರೆಯಲೆಂದು ಪೆನ್ನು ಹುಡುಕಿದೆ. ಆಮೇಲೆ ರೈಲಿಗೂ ಅದನ್ನೇ ಅಂದಳು. ಆಮೇಲೆ ನೀವು ಚಿತ್ರ ಇಟ್ಟು ಕಳಿಸಿದ ಲಕೋಟೆಗೂ ಅಂದಳು.

ಈ ವಾರ ಒಂದು ಘಟನೆಯಾಯಿತು. ಅವಳ ಅಂಗಡಿಯ ಗೆಳತಿಯರಿಬ್ಬರು ನೋಡಲು ಬಂದಿದ್ದರು. ಒಬ್ಬಳು ಒಳ್ಳೆಯ ಮನಸ್ಸಿನಿಂದಲೇ, ಮಗುವಿನ ಜೊತೆ ಮಾತಾಡುವ ಹಾಗೆ, “ಎಲ್ಲಿ, ನನ್ನ ಹೆಸರು ಹೇಳು ನೋಡೋಣ” ಅಂದಳು. ಮಗಳು ಅವಳ ಮುಖ ನೋಡಿದಳು. ತುಟಿ ಕೂಡಿಸಿದಳು, ಬಿಟ್ಟಳು, ಮತ್ತೆ ಕೂಡಿಸಿದಳು. ಕತ್ತಿನ ನರ ಎದ್ದು ಕಂಡಿತು. ಹೊರಗೆ ಬಂದದ್ದು ಅದೇ ಮಾತು. ಇನ್ನೊಬ್ಬಳಿಗೆ ನಗು ಬಂತು, ತಡೆದುಕೊಳ್ಳಲು ಹೋಗಿ ಕೆಮ್ಮಿದಳು. ಮಗಳು ಎಡಗೈಯಿಂದ ಟೀ ಲೋಟ ಎತ್ತಿ ಗೋಡೆಗೆ ಹೊಡೆದಳು. ಅವರು ಹೋದ ಮೇಲೆ ನಾನು ಗೋಡೆ ಒರೆಸುತ್ತಿದ್ದರೆ ಅವಳು ಬಂದು, ಗೋಡೆ ಹಿಡಿದುಕೊಂಡೇ ಬಂದು, ಬಟ್ಟೆ ಕಿತ್ತುಕೊಂಡು ತಾನೇ ಒರೆಸಲು ನೋಡಿದಳು. ಎಡಗೈಯಲ್ಲಿ ಕಲೆ ಇನ್ನಷ್ಟು ಹರಡಿತು.

ಅವಳಿಗೆ ಎಲ್ಲವೂ ಗೊತ್ತು. ಅದೇ ಕಷ್ಟ. ಗೊತ್ತಿಲ್ಲದವಳಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

“ಆಟ ಸಿಕ್ಕಿದ್ರೆ ಮಾತು ಬರುತ್ತೆ ಅಂತ ನಾನು ಹೇಳಿಲ್ಲಮ್ಮ” ಎಂದು ಟೀಚರಮ್ಮ ಎರಡು ಸಲ ಹೇಳಿದ್ದಾಳೆ. ಕೇಳಿಸಿಕೊಂಡಿದ್ದೇನೆ. ನೀವು ಹುಡುಕುವುದನ್ನು ನಿಲ್ಲಿಸಬೇಡಿ.

ಅವಳ ಅಮ್ಮ


ಏಪ್ರಿಲ್ ೩೦

ಅವಳ ಅಮ್ಮನಿಗೆ,

ಸಿಕ್ಕಿತು.

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣ, ಗುಡ್ಡ ಅಗೆದು ಇಲಿಯೂ ಸಿಗದೆ ಕೂತಿದ್ದೆ. ಡಬ್ಬಿ ಮೇಷ್ಟ್ರು ಒಂದೊಂದೇ ಆಟ ಹಾಕುತ್ತಿದ್ದರು, ನಾನು ಅಲ್ಲ ಅನ್ನುತ್ತಿದ್ದೆ. ಹೀಗೇ ವಾರಗಟ್ಟಲೆ. ಅವರ ಹೆಂಡತಿ ನನ್ನನ್ನು ನೋಡಿದರೆ “‘ಅಲ್ಲ’ ಬಂದ್ರು ನೋಡಿ” ಅನ್ನತೊಡಗಿದ್ದರು. ಕಡೆಗೆ ಯಾವುದೋ ದೂರದ ಊರಿನ ಶಾಲೆಯವರು ಒಂದು ಪೆಟ್ಟಿಗೆ ಹಳೆಯ ಡಿಸ್ಕುಗಳನ್ನು ಮೇಷ್ಟ್ರಿಗೆ ಕಳಿಸಿದ್ದರು. ಅದರಲ್ಲಿ ಚೀಟಿ ಹರಿದುಹೋದ ಡಿಸ್ಕೊಂದು. ಹಾಕಿದಾಗ ಮೊದಲು ಬಂದದ್ದು ಟೋಪಿ. ಟೋಪಿ ತಗ್ಗಿಸಿ ದೋಣಿಯವನು ನಮಸ್ಕಾರ ಹೇಳುತ್ತಾನೆ, ನಾನು ಅದನ್ನು ಪೂರ್ತಿ ಮರೆತಿದ್ದೆ. ಆಮೇಲೆ ಮೇಕೆ, ಡೋಲಿನವನು, ಗಡಿಯಾರ ಹೊತ್ತವನು. ಕೊನೆಯಲ್ಲಿ ಕೊಡೆಯ ಮುದುಕಿ.

ನಾನು ಅತ್ತೆ. ಮೇಷ್ಟ್ರು ಕನ್ನಡಕ ಒರೆಸುತ್ತಾ ಹೊರಗೆ ಹೋಗಿ ಕಾರು ನೋಡಿಕೊಂಡು ಬಂದರು.

ಹೆಸರಿನಲ್ಲಿ ವಿಶೇಷ ಏನೂ ಇಲ್ಲ, ‘ನದಿ ದಾಟು’ ಅನ್ನುವಂಥದ್ದೇ. ಇಷ್ಟು ಸಪ್ಪೆ ಹೆಸರು ಹೇಗೆ ತಾನೇ ನೆನಪಿರುತ್ತದೆ.

ಮೇಷ್ಟ್ರು ಅದನ್ನು ಈಗಿನ ಕಂಪ್ಯೂಟರಿನಲ್ಲಿ ನಡೆಯುವ ಹಾಗೆ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಾರೆ. ನಿನ್ನ ಹತ್ತಿರ ಕಂಪ್ಯೂಟರ್ ಇಲ್ಲದಿರಬಹುದೆಂದು ಒಂದು ಹಳೆಯ ಲ್ಯಾಪ್‌ಟಾಪನ್ನೂ ಪಾರ್ಸೆಲ್ ಮಾಡಿದ್ದೇನೆ. ಯಾವ ಗುಂಡಿ ಒತ್ತಬೇಕೆಂದು ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇನೆ.

ಹೇಗಾಯಿತೆಂದು ತಕ್ಷಣ ಬರೆ.

ಅವಳ ಅಪ್ಪ


ಮೇ ೧೪

ಅವಳ ಅಪ್ಪನಿಗೆ,

ಅವಳು ಒಂದು ಸಲ ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಮಾರನೆಯ ದಿನ ಮತ್ತೆ ಹಾಕಿದೆ, ಟೀಚರಮ್ಮನೂ ಇದ್ದಳು. ಕುರ್ಚಿಯನ್ನೇ ತಿರುಗಿಸಿಕೊಂಡಳು. ಮೂರನೆಯ ದಿನ ಮುಚ್ಚಳವನ್ನು ತಾನೇ ಮುಚ್ಚಿದಳು.

ನೀವು ಕಷ್ಟಪಟ್ಟಿರಿ. ಇಲ್ಲವೆನ್ನುವುದಿಲ್ಲ. ಆದರೆ ನೀವು ಯಾವುದನ್ನು ಹುಡುಕಿ ಅತ್ತಿರೋ ಅದು ನಿಮ್ಮ ಆಟ. ಅವಳದ್ದಲ್ಲ.

ಲ್ಯಾಪ್‌ಟಾಪ್ ವಾಪಸ್ ಕಳಿಸುತ್ತೇನೆ.

ಅವಳ ಅಮ್ಮ


ಮೇ ೨೦

ಅವಳ ಅಮ್ಮನಿಗೆ,

ಕಳಿಸಬೇಡ. ಒಂದು ಮಾತು.

ನಾನು ಹಸಿರು ನದಿ ಎಂದು ಬರೆದಿದ್ದೆ, ಮೇಷ್ಟ್ರ ಹತ್ತಿರವೂ ಅದನ್ನೇ ಹೇಳಿ ತಲೆ ತಿಂದಿದ್ದೆ. ಸಿಕ್ಕಿದ ಆಟದಲ್ಲಿ ನದಿ ನೀಲಿ, ಮುದುಕಿಯ ಕೊಡೆ ಕೆಂಪು. ಹೆಚ್ಚು ಯೋಚಿಸಲಿಲ್ಲ, ನನ್ನ ನೆನಪೇ ಕೆಟ್ಟಿದೆ ಅಂದುಕೊಂಡೆ. ನಿನ್ನ ಕಾಗದ ಬಂದ ಮೇಲೆ ಹೊಳೆಯಿತು. ಆ ಹಳೆಯ ಪರದೆ ಕೆಟ್ಟಿತ್ತು. ಎಲ್ಲವೂ ಹಸಿರಾಗಿಯೇ ಕಾಣುತ್ತಿತ್ತು. ಮೇಕೆ ಹಸಿರು, ಮುದುಕಿ ಹಸಿರು, ಆಕಾಶ ಹಸಿರು. ರಿಪೇರಿ ಮಾಡಿಸುತ್ತೇನೆ ಮಾಡಿಸುತ್ತೇನೆ ಎಂದು ಮಾಡಿಸಿರಲಿಲ್ಲ. ಅವಳು ಈ ನೀಲಿ ನದಿಯನ್ನು ಕಂಡೇ ಇಲ್ಲ.

ಪುಸ್ತಕದಂಗಡಿಯಲ್ಲಿ ಹಸಿರು ಬಣ್ಣದ ಪಾರದರ್ಶಕ ಹಾಳೆ ಸಿಗುತ್ತದೆ, ಮಕ್ಕಳು ಕರಕುಶಲಕ್ಕೆ ಕೊಳ್ಳುವಂಥದ್ದು. ಪರದೆಯ ಮೇಲೆ ಅಂಟಿಸಿ ನೋಡು. ಒಂದೇ ಒಂದು ಸಲ.

ಅವಳ ಅಪ್ಪ


ಜೂನ್ ೬

ಅವಳ ಅಪ್ಪನಿಗೆ,

ಹಾಳೆ ತಂದು ಎರಡು ದಿನ ಹಾಗೇ ಇಟ್ಟಿದ್ದೆ. ಇದೂ ಆಗದಿದ್ದರೆ ಆಮೇಲೆ ಏನು ಅನ್ನುವ ಭಯ.

ಬುಧವಾರ ಮಧ್ಯಾಹ್ನ ಅಂಟಿಸಿದೆ. ಅವಳನ್ನು ಕರೆಯಲಿಲ್ಲ. ಲ್ಯಾಪ್‌ಟಾಪನ್ನು ಕತ್ತರಿಸುವ ಮೇಜಿನ ಮೇಲೆ ಬಟ್ಟೆಗಳ ನಡುವೆ ಇಟ್ಟು, ಆಟ ಹಾಕಿ, ನನ್ನ ಪಾಡಿಗೆ ನಾನು ಚಾಕ್‌ನಿಂದ ಗೆರೆ ಎಳೆಯುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಕುರ್ಚಿ ಎಳೆದ ಸದ್ದು. ತಿರುಗಿ ನೋಡಲಿಲ್ಲ. ಪಕ್ಕಕ್ಕೆ ಬಂದು ಕೂತಳು. ಹಾಯಿಯ ಮೇಲೆ ಮೂರು ಮತ್ತು ನಾಲ್ಕು ಬಂತು. ಎಡಗೈ ಎದ್ದಿತು. ಏಳು ಒತ್ತಿದಳು.

ಮೇಕೆ ದೋಣಿಗೆ ಹಾರಿತು.

ನಾನು ಚಾಕ್ ಕೆಳಗಿಟ್ಟೆ. ಅವಳು ಡೋಲಿನವನನ್ನು ದಾಟಿಸಿದಳು, ಗಡಿಯಾರದವನನ್ನು ದಾಟಿಸಿದಳು. ಕೆಲವು ತಪ್ಪಾದವು, ಮತ್ತೆ ಮಾಡಿದಳು. ಟೀಚರಮ್ಮ ಕೊಡುವ ಲೆಕ್ಕಗಳಿಗೆ ಕೈ ಎತ್ತದವಳು. ಕೊನೆಯಲ್ಲಿ ಮುದುಕಿ ಒಬ್ಬಳೇ ಉಳಿದಳು. ಎರಡು ಮತ್ತು ಎರಡು. ಅಷ್ಟು ಸುಲಭದ್ದು. ಅವಳು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತುಬಿಟ್ಟಳು. ನಾನು ತಡೆಯಲಾರದೆ “ನಾಲ್ಕು ಕಣೇ, ನಾಲ್ಕು ಒತ್ತು” ಅಂದೆ. ನನ್ನ ಕೈಯನ್ನು ತಳ್ಳಿದಳು. ದೋಣಿ ಖಾಲಿ ಹೊರಟಿತು. “ದೋಣಿ ಹೋಯ್ತು” ಅಂದಳು, ನಕ್ಕಳು. ಸೆಪ್ಟೆಂಬರಿನಿಂದ ಈಚೆಗೆ ನಾನು ಕಂಡ ಮೊದಲ ನಗು. ಒಂದೇ ಕಡೆ ಎಳೆಯುವ ನಗು, ಆದರೂ ನಗು.

ಆಮೇಲೆ ದಿನಾ ಆಡುತ್ತಾಳೆ. ದಿನಾ ಮುದುಕಿಯನ್ನು ದಡದಲ್ಲೇ ಬಿಡುತ್ತಾಳೆ. ಯಾಕೆಂದು ನನಗೆ ತಿಳಿಯುತ್ತಿಲ್ಲ. ನಿಮಗೆ ಗೊತ್ತಿದ್ದರೆ ಬರೆಯಿರಿ.

ಹೊಸ ಮಾತು ಯಾವುದೂ ಬಂದಿಲ್ಲ.

ಅವಳ ಅಮ್ಮ


ಜೂನ್ ೧೩

ಅವಳ ಅಮ್ಮನಿಗೆ,

ಗೊತ್ತು.

ಮುದುಕಿ ದಾಟಿದರೆ ಆಟ ಮುಗಿಯುತ್ತದೆ. ಆಟ ಮುಗಿದ ಮೇಲೆ ಬಸ್ ಸ್ಟಾಪಿಗೆ ಹೊರಡುವುದು ನಮ್ಮ ಒಪ್ಪಂದ. ಸಂಜೆಯ ಬಸ್ಸು ತಪ್ಪಿದರೆ ನೀನು ಸುಮ್ಮನಿರುವವಳಲ್ಲ. ಅದಕ್ಕೆ ಅವಳು ಮುದುಕಿಯನ್ನು ದಾಟಿಸುತ್ತಲೇ ಇರಲಿಲ್ಲ. ಬೇಕೆಂದೇ ದೋಣಿ ಬಿಡುತ್ತಿದ್ದಳು. ಮತ್ತೊಂದು ಬರುತ್ತಿತ್ತು, ಅದನ್ನೂ ಬಿಡುತ್ತಿದ್ದಳು. “ಏನು ಮಾಡೋದಪ್ಪಾ, ದೋಣಿ ಹೋಯ್ತು” ಎಂದು ಕೈ ತಿರುಗಿಸಿ ತೋರಿಸುತ್ತಿದ್ದಳು, ದೊಡ್ಡ ಹೆಂಗಸಿನ ಹಾಗೆ. ನಾನೂ “ಅಯ್ಯೋ, ಹೋಯ್ತಲ್ಲ!” ಅನ್ನುತ್ತಿದ್ದೆ.

ಇಷ್ಟು ದಿನ ನೀನು ಅದನ್ನು ಅಳುವ ಮಾತು ಅಂದುಕೊಂಡಿದ್ದೆ. ನಾನೂ ಹಾಗೇ ಅಂದುಕೊಂಡಿದ್ದೆ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಅವಳ ಅಪ್ಪ


ಜೂನ್ ೨೮

ಅವಳ ಅಪ್ಪನಿಗೆ,

ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಮೊದಲಿಂದ ಕೊನೆಯವರೆಗೆ ಕೇಳಿದಳು. ಎದ್ದು ಹೋಗಲಿಲ್ಲ. “ಅಪ್ಪ ಬರಲಾ?” ಅಂದೆ. ಹೂಂ ಎಂದು ತಲೆಯಾಡಿಸಿದಳು. ಅವಳು ತಲೆಯಾಡಿಸುವುದರ ಬೆಲೆ ನಿಮಗೆ ಹೇಳಿದ್ದೇನೆ. ಆದರೂ ಎರಡು ದಿನ ಬಿಟ್ಟು ಮತ್ತೆ ಕೇಳಿದೆ, ಮತ್ತೆ ತಲೆಯಾಡಿಸಿದಳು.

ಜುಲೈ ಎರಡನೆಯ ಶನಿವಾರ ಬನ್ನಿ. ಬೆಳಗ್ಗೆ ಅವಳಿಗೆ ಹುರುಪು ಇರುತ್ತದೆ. ಹಸಿರು ಬಾಗಿಲು, ಮೆಟ್ಟಿಲು ಹತ್ತಿ ಎಡಕ್ಕೆ. ಲಿಫ್ಟ್ ಇದೆ, ಕೆಟ್ಟಿದೆ. ರಿಪೇರಿ ಮಾಡಲು ನಿಲ್ಲಬೇಡಿ.

ಅವಳ ಅಮ್ಮ


ಜುಲೈ ೧೭

ಅವಳ ಅಪ್ಪನಿಗೆ,

ನೀವು ಚಪ್ಪಲಿ ಹಾಕಿಕೊಂಡು ಹೋಗಿಬಿಟ್ಟಿರಿ. ನಾನು ಮೆಟ್ಟಿಲವರೆಗೆ ಬಂದೆ, ನೀವು ತಿರುಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಅವಳು ಬೆಳಗ್ಗೆಯಿಂದ ತಯಾರಾಗಿದ್ದಳು. ನೀಲಿ ಅಂಗಿಯನ್ನು ಅವಳೇ ಆರಿಸಿಕೊಂಡಿದ್ದಳು. ನೀವು ಒಳಗೆ ಬಂದು “ಚಿನಕುರಳಿ” ಅಂದಾಗ ಅವಳ ಮುಖ ನಾನು ಬಾಗಿಲಿನಿಂದಲೇ ಕಂಡೆ. ನೀವು ಅವಳ ಪಕ್ಕದ ಕುರ್ಚಿಗೆ ಕೂತಿರಿ. ಲ್ಯಾಪ್‌ಟಾಪ್ ತೆರೆದಿರಿ. “ಆಡೋಣವಾ?” ಅಂದಿರಿ. ಆಗ ಅವಳು ಮುಚ್ಚಳದ ಮೇಲೆ ಎಡಗೈ ಇಟ್ಟು ಒತ್ತಿ ಮುಚ್ಚಿದಳು. ನಿಮ್ಮನ್ನು ನೋಡಿದಳು. ತುಟಿ ಕೂಡಿಸಿದಳು. ಕತ್ತಿನ ನರ ಎದ್ದಿತು. ನಾನು ಮನಸ್ಸಿನಲ್ಲಿ ಆ ಹಳೆಯ ಮಾತನ್ನೇ ಹೇಳಿಕೊಳ್ಳುತ್ತಿದ್ದೆ.

“ಬೇಡ” ಅಂದಳು.

ನೀವು ಕೇಳಿಸಲಿಲ್ಲವೇನೋ ಎನ್ನುವ ಹಾಗೆ ಬಾಗಿದಿರಿ. ಅವಳು ಮತ್ತೆ ಅಂದಳು, ಇನ್ನೂ ಸ್ಪಷ್ಟವಾಗಿ. “ಬೇಡ.” ಆಟದ ಕಡೆ ನೋಡಲಿಲ್ಲ. ನಿಮ್ಮ ಕಡೆಯೇ ನೋಡುತ್ತಿದ್ದಳು.

ನೀವು ಎದ್ದಿರಿ. ಇಷ್ಟು ನಿಮಗೆ ಗೊತ್ತಿರುವುದು. ಗೊತ್ತಿಲ್ಲದ್ದು ಹೇಳುತ್ತೇನೆ. ನೀವು ಹೋದ ಮೇಲೆ ಅವಳು ಆ ಮಾತನ್ನು ಹೇಳಿಕೊಳ್ಳುತ್ತಾ ಕೂತಿದ್ದಳು. ಗಟ್ಟಿಯಾಗಿ, ಮೆಲ್ಲಗೆ, ತುಟಿ ಅಲುಗಿಸಿ ಸದ್ದಿಲ್ಲದೆ. ಸಿಕ್ಕಿದ್ದು ಮತ್ತೆ ಕಳೆದುಹೋದೀತು ಎಂಬ ಹಾಗೆ. ಸಂಜೆಯವರೆಗೂ. ಆಮೇಲೆ ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ.

ಸೋಮವಾರ ಟೀಚರಮ್ಮನಿಗೆ ಹೇಳಿದೆ. ಹುಡುಗಿ ಎದ್ದು ನಿಂತುಬಿಟ್ಟಳು. “ಸರಿಯಾದ ಜಾಗದಲ್ಲಿ ಹೇಳಿದ್ರಾ? ಅರ್ಥ ಇಟ್ಟು ಹೇಳಿದ್ರಾ?” ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಇಷ್ಟು ತಿಂಗಳಲ್ಲಿ ಅವಳು ಅಷ್ಟು ಸಂತೋಷಪಟ್ಟದ್ದು ನಾನು ನೋಡಿರಲಿಲ್ಲ. “ಯಾರಿಗೆ ಹೇಳಿದ್ರು?” ಅಂದಳು. ಬಂದವರೊಬ್ಬರಿಗೆ ಅಂದೆ.

ನಾನು ಆ ನಗುವನ್ನು ನಂಬಿ ನಿಮ್ಮನ್ನು ಕರೆಸಿದೆ. ಆ ನಗು ಆ ಭಾನುವಾರಗಳದ್ದು ಎಂದು ಕಾಣುತ್ತದೆ. ಅವು ಬೇರೆ, ನೀವು ಬೇರೆ.

ಅವಳ ಅಮ್ಮ


ಜುಲೈ ೩೦

ಅವಳ ಅಮ್ಮನಿಗೆ,

ಬಸ್ಸಿನಲ್ಲಿ ಹೇಗೆ ಬಂದೆನೋ ತಿಳಿಯದು. ಮನೆಯಾಕೆ ಬಾಗಿಲಲ್ಲೇ “ಮಾತಾಡಿದಳಾ?” ಅಂದಳು. ಮಾತಾಡಿದಳು ಅಂದೆ. “ದೇವರು ದೊಡ್ಡವನು. ಏನಂದಳು?” ಅಂದಳು. ನಾನು ಕೈ ತೊಳೆಯಲು ಹೋದೆ.

ಈ ಹದಿನೈದು ದಿನ ಡಬ್ಬಿ ಮೇಷ್ಟ್ರ ಮನೆಗೂ ಹೋಗಿಲ್ಲ. ಅವರೇ ಬಂದಿದ್ದರು, ಆಟ ಕೆಲಸಕ್ಕೆ ಬಂತಾ ಎಂದು ಕೇಳಲು. ಬಂತು ಮೇಷ್ಟ್ರೇ ಅಂದೆ. ಸುಳ್ಳಲ್ಲ.

ನೀನು ಕರೆಸಿದ್ದು ತಪ್ಪಲ್ಲ. ಟೀಚರಮ್ಮನ ಹತ್ತಿರ ‘ಬಂದವರೊಬ್ಬರು’ ಅಂದದ್ದೂ ಸರಿ. ಒಂದೇ ಕೇಳಿಕೊಳ್ಳುತ್ತೇನೆ. ಅವಳು ಹೇಳಿದ್ದನ್ನು ಯಾರೂ ತಿದ್ದಬೇಡಿ. ಅಪ್ಪನಿಗೆ ಹಾಗನ್ನಬಾರದು ಅಂತ ಯಾರಾದರೂ ಅಂದರೆ, ಅವರನ್ನು ಹೊರಗೆ ಕಳಿಸು. ಅವಳಿಗೆ ಆ ಮಾತು ಗಟ್ಟಿಯಾಗಲಿ. ಕೈಕಾಲು ಬೇರೆಯವರ ಕೈಯಲ್ಲಿರುವವಳಿಗೆ ಎಲ್ಲಕ್ಕಿಂತ ಮೊದಲು ಬರಬೇಕಾದ ಮಾತು ಅದೇ.

ನನ್ನ ಮುಖ ನೋಡಿದರೆ ಅದು ಬರುತ್ತದೆ ಎಂದಾದರೆ, ಮತ್ತೆ ಬೇಕಾದರೂ ಬರುತ್ತೇನೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹೋಗುತ್ತೇನೆ.

ಲ್ಯಾಪ್‌ಟಾಪ್ ಅವಳ ಹತ್ತಿರವೇ ಇರಲಿ.

ಅವಳ ಅಪ್ಪ


ಸೆಪ್ಟೆಂಬರ್ ೮

ಅವಳ ಅಪ್ಪನಿಗೆ,

ತಡವಾಗಿ ಬರೆಯುತ್ತಿದ್ದೇನೆ. ಶಾಲೆಗಳ ಬಟ್ಟೆಯ ಕೆಲಸ ಹೆಚ್ಚಿತ್ತು. ಅದಲ್ಲದೆ ಏನು ಬರೆಯಬೇಕೋ ತಿಳಿದಿರಲಿಲ್ಲ.

ನೀವು ಬಾಗಿಲಲ್ಲಿ ಬಂದು ನಿಲ್ಲುವುದು ಬೇಡ. ಅದು ಈಗ ತಾನಾಗಿಯೇ ಬರುತ್ತದೆ. ಗಂಜಿಗೆ ಬೇಡ, ಸ್ನಾನಕ್ಕೆ ಬೇಡ, ವ್ಯಾಯಾಮಕ್ಕಂತೂ ಮೊದಲೇ ಬೇಡ. ಅಂಗಡಿಯ ಗೆಳತಿಯರು ಫೋನ್ ಮಾಡಿ ಬರಲಾ ಎಂದು ಕೇಳಿದಾಗ ಫೋನನ್ನು ಅವಳ ಕಿವಿಗೆ ಹಿಡಿದೆ, ಅವರಿಗೂ ಬೇಡ. ಹೋದ ವಾರ ಮಾತ್ರೆ ಕೊಡಲು ಹೋದೆ, ಬೇಡ ಅಂದಳು. ನಾನು ಗದರಿ ಬಾಯಿಗೆ ಹಾಕಲು ನೋಡಿದೆ. ತುಟಿ ಬಿಗಿಹಿಡಿದು ನನ್ನ ಕೈಯನ್ನೇ ದಿಟ್ಟಿಸಿದಳು. ಕೊನೆಗೆ ಬೆಳಕಿಗೆ ಹಿಡಿದು ನೋಡುತ್ತೇನೆ, ರಾತ್ರಿಯ ಮಾತ್ರೆಯನ್ನು ಬೆಳಗ್ಗೆ ಕೊಡುತ್ತಿದ್ದೆ.

ಆಟವನ್ನು ಆಮೇಲೆ ಮುಟ್ಟಿಲ್ಲ. ಹಸಿರು ಹಾಳೆಯ ಮೂಲೆ ಸುರುಳಿಯಾಗಿದೆ. ನಾನೂ ಅಂಟಿಸಲು ಹೋಗಿಲ್ಲ.

ನಿನ್ನೆ ಸಂಜೆ ಅವಳ ತಲೆ ಬಾಚಿ, ಇಡೀ ದಿನ ನಿಂತು ಸೊಂಟ ನೋಯುತ್ತಿತ್ತು, ಅವಳ ಮಂಚದ ಅಂಚಿಗೆ ಕೂತು ಒಂದು ಕೈ ಅವಳ ಹೆಗಲಿಗೆ ಹಾಕಿದೆ. ಬೇಡ ಅಂದಳು. ಕೈ ತೆಗೆದೆ. ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ತಿರುಗಿಸಿ ನಿಂತೆ. ನಿಮಗೆ ಆ ದಿನ ಹೇಗಾಗಿರಬಹುದೆಂದು ಆಗ ಗೊತ್ತಾಯಿತು. ಅದನ್ನು ತಿಳಿಸಬೇಕೆಂದೇ ಈ ಕಾಗದ.

ಮುಂದೆ ಬರಬೇಕಾದ ಮಾತು ‘ಬೇಕು’ ಅನ್ನುತ್ತಾಳೆ ಟೀಚರಮ್ಮ. ದಿನಾ ಹೇಳಿಸುತ್ತಾಳೆ. ಇನ್ನೂ ಬಂದಿಲ್ಲ. ಬಂದ ದಿನ ಬರೆಯುತ್ತೇನೆ. ಮೊದಲು ಯಾವುದಕ್ಕೆ ಅನ್ನುತ್ತಾಳೋ, ಯಾರಿಗೆ ಅನ್ನುತ್ತಾಳೋ. ನಿಮಗಿರಬಹುದೆಂದು ಆಸೆ ಇಟ್ಟುಕೊಳ್ಳಬೇಡಿ. ನಾನೂ ಇಟ್ಟುಕೊಂಡಿಲ್ಲ.

ಅವಳ ಅಮ್ಮ